ಮೂವತ್ತೆರಡು ಜನರ ಆತ್ಮಪರೀಕ್ಷೆ ಬರೆದವನು

ಅನುಭವವನ್ನು ಬರೆದಿಟ್ಟುಕೊಂಡರೆ ಅದರಿಂದ ಇನ್ನಷ್ಟು ಕಲಿಯಬಹುದು ಎಂದು ಯಾರಾದರೂ ಉಪದೇಶ ಶುರು ಮಾಡಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮಾತು ಸುಳ್ಳೆಂದು ಅಲ್ಲ. ಅದನ್ನು ಹೇಳುವವರಲ್ಲಿ ಬಹುಪಾಲು ಮಂದಿ ತಮ್ಮ ಬಗ್ಗೆ ಒಂದು ಸಾಲು ನಿಜ ಬರೆದವರಲ್ಲ, ಅದಕ್ಕೆ. ನಾನೂ ಅವರ ಪೈಕಿಯೇ. ಅಲ್ಲ, ಅವರಿಗಿಂತ ಕಡೆ. ಅವರು ತಮ್ಮ ಸುಳ್ಳನ್ನಷ್ಟೇ ಬರೆದುಕೊಂಡರು. ನಾನು ಮೂವತ್ತೆರಡು ಜನರ ಸುಳ್ಳನ್ನು ಒಬ್ಬನೇ ಬರೆದೆ, ಅದೂ ದುಂಡಗಿನ ಅಕ್ಷರದಲ್ಲಿ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಇಚಲಕರಂಜಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ನಾನು ದಿವಾಣಜಿಯಾಗಿದ್ದೆ, ಅಂದರೆ ಗುಮಾಸ್ತ. ಗಡಹಿಂಗ್ಲಜದ ಕಡೆಯ ಹಳ್ಳಿಯವನು; ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ, ತಂದೆಯದು ಬೆಲ್ಲದ ವ್ಯಾಪಾರ. ಕಾಲೇಜು ಓದುತ್ತೇನೆಂದು ಕೊಲ್ಹಾಪುರದಲ್ಲಿ ಎರಡು ವರ್ಷ ಕೂತು, ಪಾಸಾಗದೆ, ಆದರೆ ನಾನೊಬ್ಬ ಸಾಹಿತಿ ಎಂಬ ಭ್ರಮೆಯನ್ನು ಮಾತ್ರ ಮೊದಲನೇ ದರ್ಜೆಯಲ್ಲಿ ಗಳಿಸಿಕೊಂಡು ಬಂದಿದ್ದೆ. ಶೆಡ್ಡಿನ ಮೂಲೆಯಲ್ಲಿ ಗಾಜು ಹಾಕಿದ ಒಂದು ಗೂಡು. ಅದರಲ್ಲಿ ಕೂತು ಹಾಜರಿ, ಪತ್ರ, ಚೀಟಿ ಬರೆಯುತ್ತ, ಹೊರಗೆ ಮಗ್ಗಗಳ ಆ ಗದ್ದಲದಲ್ಲಿ ಬೆವರುವವರನ್ನು ನೋಡಿ ಮೂಗು ಮುರಿಯುವುದು ನನ್ನ ಕೆಲಸ.

ನಮ್ಮ ಮಾಲಕರು ಒಮ್ಮೆ ಕೊಲ್ಹಾಪುರದಲ್ಲಿ ಯಾವುದೋ ವ್ಯಾಖ್ಯಾನ, ಅಂದರೆ ಭಾಷಣ, ಕೇಳಿ ಬಂದರು. ವ್ಯಾಖ್ಯಾನ ಕೊಟ್ಟ ಮಹಾಶಯ ಕಾರಖಾನೆಯವರಿಗೆಲ್ಲ ಬುದ್ಧಿ ಹೇಳುತ್ತ ತಿರುಗುವವನು. ದುಡಿಯುವವನು ವಾರಕ್ಕೊಮ್ಮೆ ತನ್ನ ಅನುಭವವನ್ನು ಬರೆದರೆ ಅವನ ಕೆಲಸ ಸುಧಾರಿಸುತ್ತದೆ ಎಂದು ಹೇಳಿದ್ದನಂತೆ. ಮಾಲಕರು ಮರುದಿನವೇ ಮೂವತ್ತೆರಡು ನೋಟುಬುಕ್ಕು ತರಿಸಿ ನನ್ನ ಮೇಜಿನ ಮೇಲೆ ಒಗೆದರು. ಪುಟಪುಟಕ್ಕೂ ಮೂರು ಖಾನೆ: ಈ ವಾರ ಏನಾಯಿತು, ಅದರಲ್ಲಿ ನನ್ನ ತಪ್ಪೇನು, ನಾನು ಕಲಿತದ್ದೇನು. ಮಗ್ಗದ ತಪ್ಪೇನು, ಮಾಲಕರ ತಪ್ಪೇನು ಎಂಬ ಖಾನೆ ಇರಲಿಲ್ಲ. ಅದು ಆಗ ನನಗೂ ಹೊಳೆಯಲಿಲ್ಲ.

“ಇವರಿಗೆ ಬರೆಯಲು ಎಲ್ಲಿ ಬರುತ್ತದೆ?” ಅಂದೆ.

“ನಿಮಗೆ ಬರುತ್ತದಲ್ಲ? ಅವರು ಹೇಳಲಿ, ನೀವು ಬರೆಯಿರಿ, ಅವರು ಹೆಬ್ಬೆಟ್ಟು ಒತ್ತಲಿ,” ಅಂದರು ಮಾಲಕರು. ಅವರದು ಮರಾಠಿ. ಇಲ್ಲಿ ನಾನು ಕನ್ನಡ ಮಾಡಿ ಹೇಳುತ್ತಿದ್ದೇನೆ. ನಮ್ಮ ನೇಕಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗಡಿಯ ಕಡೆಯ ಕನ್ನಡದವರು. ಅವರು ಕನ್ನಡದಲ್ಲಿ ಹೇಳುವುದು, ನಾನು ಮರಾಠಿಯಲ್ಲಿ ಬರೆಯುವುದು. ಅಂಥ ಕೆಲಸಕ್ಕೆ ನನ್ನಂಥ ಎಡಬಿಡಂಗಿಯೇ ಬೇಕಲ್ಲ.

ಬಟವಾಡೆಯ ದಿನ, ಸಂಬಳಕ್ಕೆ ಸಾಲು ನಿಂತಾಗಲೇ ಈ ಬರವಣಿಗೆಯೂ. ಮೊದಲನೇ ವಾರ ಮೂರು ಜನರ ಮಾತು ಕೇಳುವಷ್ಟರಲ್ಲಿ ನನ್ನ ತಾಳ್ಮೆ ತೀರಿತು. ಇವರು ಹೇಳುವುದರಲ್ಲಿ ಅನುಭವವೆಂಬುದೇ ಇಲ್ಲ ಅನ್ನಿಸಿತು. ಒಬ್ಬ ಮಗಳಿಗೆ ಜ್ವರ ಬಂದದ್ದನ್ನು ಹೇಳಿದ. ‘ಮನೆಯ ಚಿಂತೆಯನ್ನು ಮನೆಯಲ್ಲೇ ಬಿಟ್ಟು ಬರಬೇಕೆಂದು ಕಲಿತೆ’ ಎಂದು ಬರೆದೆ. ಕಬನೂರಿನಿಂದ ನಡೆದು ಬರುವ ಇನ್ನೊಬ್ಬ ಮಳೆಯಲ್ಲಿ ರಸ್ತೆ ಕೆಸರಾಗಿದ್ದನ್ನು ಹೇಳಿದ. ‘ಸಮಯದ ಮಹತ್ವ ತಿಳಿಯಿತು’. ಮತ್ತೊಬ್ಬ ಏನೂ ಹೇಳದೆ ನಕ್ಕ. ‘ಮೌನವೇ ಶಿಸ್ತಿನ ಮೊದಲ ಮೆಟ್ಟಿಲು’. ಹೀಗೆ ಹನ್ನೆರಡು ವಾಕ್ಯ ತಯಾರು ಮಾಡಿಕೊಂಡು ವಾರವಾರವೂ ಅವನ್ನೇ ತಿರುಗಾ ಮುರುಗಾ ಹಂಚತೊಡಗಿದೆ. ಎರಡನೇ ಖಾನೆಗೆ, ಅಂದರೆ ತಪ್ಪಿನ ಖಾನೆಗೆ, ಎಲ್ಲರಿಗೂ ಒಂದೇ ಸಿದ್ಧೌಷಧ: ‘ನನ್ನ ಗಮನ ಬೇರೆ ಕಡೆ ಇತ್ತು. ತಪ್ಪು ನನ್ನದೇ.’ ಅದು ವಿನಯವಾಗಿ ಕೇಳಿಸುತ್ತಿತ್ತು. ವಿನಯವೆಂದರೆ ನನಗೆ ಭಾಳ ಪ್ರೀತಿ, ಬೇರೆಯವರದಾಗಿದ್ದರೆ.

ಮಾಲಕರು ಓದಿ ಉಬ್ಬಿಹೋದರು. ಕೊಲ್ಹಾಪುರದಿಂದ ಆ ಮಹಾಶಯನನ್ನು ಕರೆಸಿ ಚಹಾ ಕುಡಿಸಿ ತೋರಿಸಿದರು. ಅವನು ಕನ್ನಡಕ ಏರಿಸಿ, ಇಳಿಸಿ, “ಎಂಥ ಆಳವಾದ ಆತ್ಮಪರೀಕ್ಷೆ! ನಿಮ್ಮ ನೇಕಾರರಲ್ಲಿ ತತ್ವಜ್ಞಾನಿಗಳಿದ್ದಾರೆ,” ಅಂದ. ಮೂವತ್ತೆರಡು ತತ್ವಜ್ಞಾನಿಗಳೂ ಒಂದೇ ಕೈಯಲ್ಲಿ ಬರೆಯುತ್ತಾರೆಂಬುದು ಆ ಪಂಡಿತನ ಕಣ್ಣಿಗೆ ಬೀಳಲಿಲ್ಲ. ಒಬ್ಬ ನೇಕಾರನನ್ನೂ ಕರೆದು ಮಾತಾಡಿಸಲಿಲ್ಲ. ನಾನು ಗೂಡಿನಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದೆ. ಹೊಗಳಿಕೆ ನನ್ನದೇ ತಾನೆ?

ಈಗ ಗೋಡೆ ಬದಿಯವನ ವಿಷಯ. ಗೋಡೆಗೆ ಹತ್ತಿದ ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದುದರಿಂದ ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು. ಗಡಹಿಂಗ್ಲಜದ ಆಚೆ, ಕುರಿ ಸಾಕುವವರ ಮನೆಯಿಂದ ಬಂದವನು. ನನ್ನೂರಿಗೆ ಎರಡು ಹರದಾರಿ. ಆ ಸಲುಗೆಗೆ ನನ್ನನ್ನು ಭಾಳ ನಂಬಿದ್ದ. ಸಾಲಿನಲ್ಲಿ ಅವನ ಪಾಳಿ ಬಂದರೆ ಕೈ ಒರೆಸಿಕೊಂಡು, ಟೊಪ್ಪಿಗೆ ತೆಗೆದು, ನಿಂತು, ನಿಧಾನವಾಗಿ ಹೇಳುವನು. ಯಾವಾಗಲೂ ಮಗ್ಗದ ಮಾತೇ. ಮಗ್ಗದ ಮಾತು ನನಗೆ ಬೇಡವಾಗಿತ್ತು. ಅದರಲ್ಲಿ ನೀತಿ ಎಲ್ಲಿಂದ ತೆಗೆಯಲಿ? ಅವನ ತುಟಿ ಅಲ್ಲಾಡುತ್ತಿರುವಾಗಲೇ ನನ್ನ ಲೇಖನಿ ‘ನನ್ನ ಗಮನ ಬೇರೆ ಕಡೆ ಇತ್ತು’ ಎಂದು ಮುಗಿಸಿಬಿಟ್ಟಿರುತ್ತಿತ್ತು. ಅವನು ಹೆಬ್ಬೆಟ್ಟು ಒತ್ತಿ, “ಕಾಗದಕ್ಕ ಹತ್ತೇತಲ್ರಿ?” ಎಂದು ಕೇಳಿ ಹೋಗುವನು. “ಹತ್ತೇತಿ, ಹತ್ತೇತಿ, ನಡಿ,” ಅನ್ನುತ್ತಿದ್ದೆ.

ಒಂದು ಮಧ್ಯಾಹ್ನ ಶೆಡ್ಡಿನ ಮಗ್ಗಗಳು ಒಂದೊಂದಾಗಿ ನಿಂತವು. ಆ ಸದ್ದಿಗೆ ಒಗ್ಗಿದ ಕಿವಿಗೆ ಸದ್ದು ನಿಂತರೇ ಗಾಬರಿ. ಹೊರಗೆ ಬಂದು ನೋಡಿದರೆ ಗೋಡೆ ಬದಿಯವನು ನೆಲದ ಮೇಲೆ ಕೂತಿದ್ದ, ಮುಖಕ್ಕೆ ಎರಡೂ ಕೈ, ಬೆರಳ ಸಂದಿಯಲ್ಲಿ ರಕ್ತ. ಮೂರನೇ ಮಗ್ಗದ ಲಾಳಿ ಹಾರಿ ಬಂದು ಎಡಗಣ್ಣಿಗೆ ಹೊಡೆದಿತ್ತು. ನೂಲು ಹೊತ್ತು ಆ ಕಡೆ ಈ ಕಡೆ ಓಡುವ ಲಾಳಿಯ ತುದಿಗೆ ಲೋಹದ ಮೊನೆ ಇರುತ್ತದೆ. ಮಾಲಕರ ಗಾಡಿಯಲ್ಲೇ ಕೊಲ್ಹಾಪುರದ ದವಾಖಾನೆಗೆ ಒಯ್ದರು. ಕಣ್ಣು ಉಳಿಯಲಿಲ್ಲ.

ಮೂರನೇ ದಿನ ನೇಕಾರರು ಮಗ್ಗ ಬಂದ್ ಮಾಡಿ ಅಂಗಳದಲ್ಲಿ ನಿಂತರು. ಅವರು ಕೇಳಿದ್ದು ಹೆಚ್ಚೇನಲ್ಲ: ದವಾಖಾನೆಯ ಖರ್ಚು ಮಾಲಕರು ನೋಡಬೇಕು, ಗುಣವಾದ ಮೇಲೆ ಅವನನ್ನು ಕೆಲಸಕ್ಕೆ ತಿರುಗಿ ತೆಗೆದುಕೊಳ್ಳಬೇಕು. ಮಾಲಕರು ಜಗಳವಾಡಲಿಲ್ಲ. ನನ್ನ ಕಡೆ ತಿರುಗಿ, “ಅವನ ನೋಟುಬುಕ್ಕು ತನ್ನಿ. ಎಲ್ಲರಿಗೂ ಕೇಳುವಂತೆ ಓದಿ,” ಅಂದರು.

ಓದಿದೆ. ಕಡೆಯ ಮೂರು ವಾರದ ಮೂರು ಪುಟ. ಮೂರರಲ್ಲೂ ಅದೇ: ‘ನನ್ನ ಗಮನ ಬೇರೆ ಕಡೆ ಇತ್ತು. ತಪ್ಪು ನನ್ನದೇ. ಇನ್ನು ಮುಂದೆ ಎಚ್ಚರದಿಂದ ಇರುತ್ತೇನೆ.’ ಕೆಳಗೆ ಅವನ ಹೆಬ್ಬೆಟ್ಟು. ಮಾಲಕರು ಪುಟ ಎತ್ತಿ ಎಲ್ಲರಿಗೂ ತೋರಿಸಿದರು. “ಅವನೇ ಹೇಳಿ ಬರೆಸಿದ್ದಾನೆ. ಗಾಫೀಲ ಮನುಷ್ಯ, ಮೈಮೇಲೆ ಎಚ್ಚರವಿಲ್ಲದವನು. ನಾನೇನು ಮಾಡಲಿ?”

ಮುಂದೆ ನಿಂತಿದ್ದವರು ಹಿಂದೆ ಸರಿದರು. ಹಿರಿಯನೊಬ್ಬ, “ಅಂವನ ಬರಸ್ಯಾನಂದ್ರ ಮುಗೀತ್ರಿ,” ಅಂದ. ತಮ್ಮ ನೋಟುಬುಕ್ಕಿನಲ್ಲೂ ಅದೇ ಸಾಲು ಇರಬಹುದೆಂದು ಒಬ್ಬನಿಗೂ ಅನುಮಾನ ಬರಲಿಲ್ಲ. ಅವರಿಗೆ ಕಾಗದವೆಂದರೆ ಅಷ್ಟು ಗೌರವ. ಅರ್ಧ ತಾಸಿನಲ್ಲಿ ಮಗ್ಗಗಳು ಮತ್ತೆ ಶುರುವಾದವು. ನನ್ನ ಬಾಯಿ ತೆರೆಯಲಿಲ್ಲ. ತೆರೆಯಬೇಕೆಂದು ಅನ್ನಿಸಿಯೂ ಇರಲಿಲ್ಲ ಎಂದು ಬರೆದರೇ ಸರಿ. ಆಗ ನನಗೆ ಅನ್ನಿಸಿದ್ದು ಇಷ್ಟೇ: ಉಚ್ಚಾರ ಸ್ಪಷ್ಟವಾಗಿ ಬಂತು.

ಎರಡು ತಿಂಗಳಾದ ಮೇಲೆ ಮಾಲಕರು ನನ್ನ ಕೈಗೆ ಒಂದು ಕಾಗದ ಕೊಟ್ಟರು. ‘ನನ್ನದೇ ತಪ್ಪಿನಿಂದ ಪೆಟ್ಟಾಗಿದೆ, ನನ್ನ ತಕರಾರಿಲ್ಲ, ನಾನು ಕೆಲಸ ಬಿಟ್ಟಿದ್ದೇನೆ.’ ಕೆಳಗೆ ಹೆಬ್ಬೆಟ್ಟಿಗೆ ಜಾಗ. “ನಿಮ್ಮ ಕಡೆಯವನು. ನೀವೇ ಹೋಗಿ ತನ್ನಿ,” ಅಂದರು. ಆ ಕಾಗದಕ್ಕೆ ಅವನು ಒತ್ತಿದರೆ ಇಚಲಕರಂಜಿಯ ಯಾವ ಶೆಡ್ಡಿನಲ್ಲೂ ಅವನಿಗೆ ಮಗ್ಗ ಸಿಗುತ್ತಿರಲಿಲ್ಲ. ಗಾಫೀಲ ಎಂಬ ಹೆಸರು ಅಲ್ಲಿ ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ನೇಕಾರನಿಗಿಂತ ಮೊದಲೇ ಹೋಗಿ ಕೂತಿರುತ್ತದೆ.

ಶಾಯಿಯ ಡಬ್ಬಿ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ ಹೋದೆ, ಅಲ್ಲಿಂದ ನಡೆದು ಅವನ ಹಳ್ಳಿಗೆ. ಅವನು ಅಂಗಳದಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ಎಡಗಣ್ಣಿನ ಮೇಲೆ ಬಿಳಿ ಬಟ್ಟೆ. ನನ್ನನ್ನು ನೋಡಿ ಅವನ ಮುಖ ಅರಳಿದ್ದನ್ನು ಕಂಡು ನನಗೆ ಸಿಟ್ಟು ಬಂತು, ಅರಳಬಾರದಾಗಿತ್ತು. ಅವನ ಹೆಂಡತಿ ಕಂಬಳಿ ಹಾಸಿ ಚಹಾ ತಂದಳು.

“ದಿವಾಣಜಿ, ನೀವು ಬಂದಿದ್ದ ಭಾಳ ಚಲೋ ಆತ್ರಿ,” ಅಂದ. “ಮಾಲಕರು ನನ್ನ ತಪ್ಪ ಅಂತ ಹೇಳಾಕತ್ತಾರಂತ. ಅವರಿಗೆ ಗೊತ್ತಿಲ್ರಿ, ನಿಮಗ ಗೊತ್ತೈತಿ. ಮೂರು ವಾರ ಬರಸೀನಲ್ರಿ ನಾ, ಮೂರನೇ ಮಗ್ಗದ ಲಾಳಿ ಜಿಗೀತೈತಿ, ಪಿಕರ್ ಹರದೈತಿ ಅಂತ. ಆ ಪುಸ್ತಕ ಒಂದೀಟ ಅವರಿಗೆ ಓದಿ ತೋರಸ್ರಿ. ಅಷ್ಟ ಸಾಕು.”

ಪಿಕರ್ ಅಂದರೆ ಲಾಳಿಗೆ ಹೊಡೆದು ಆ ಕಡೆಯಿಂದ ಈ ಕಡೆಗೆ ಓಡಿಸುವ ತೊಗಲಿನ ತುಂಡು. ಅದು ಸವೆದು ಹರಿದರೆ ಲಾಳಿ ದಾರಿ ಬಿಟ್ಟು ಹಾರುತ್ತದೆ.

“ಮಗ್ಗ ರಿಪೇರಿ ಮಾಡೋ ಜಾಬರನಿಗೆ ಹೇಳಲಿಲ್ಲೇನು?” ಅಂದೆ. ಇನ್ನೂ ಯಾರ ಮೇಲಾದರೂ ಹಾಕಲು ನೋಡುತ್ತಿದ್ದೆ.

“ಒಮ್ಮೆ ಹೇಳಿದ್ನಿರಿ. ನಾಳೆ ಅಂದ. ಆಮ್ಯಾಲೆ ಅಂವಗ ಯಾಕ ಹೇಳ್ಲಿ? ಕಾಗದಕ್ಕ ಹಾಕಸೀನಿ, ಮಾಲಕರು ಓದತಾರ, ಅಂತ ಸುಮ್ಮನಿದ್ನಿ.”

ಅವನ ತಪ್ಪು ಇದೊಂದೇ, ಬರೆಸಿದ್ದು ತಲುಪುತ್ತದೆ ಎಂದು ನಂಬಿದ್ದು. ಜಾಬರನ ಬೆನ್ನು ಹತ್ತುವುದನ್ನು ಬಿಟ್ಟು ನನ್ನ ಲೇಖನಿಯನ್ನು ನಂಬಿ ಕೂತಿದ್ದ. ಜೇಬಿನ ಕಾಗದ ಹೊರಗೆ ತೆಗೆಯಲಾಗಲಿಲ್ಲ. ನಿಜ ಹೇಳಲೂ ಆಗಲಿಲ್ಲ. “ನೋಡೂಣು,” ಎಂದು ಹೇಳಿ ಚಹಾ ಪೂರ್ತಿ ಕುಡಿದು ಎದ್ದೆ. ಚಹಾ ಮಾತ್ರ ಬಿಡಲಿಲ್ಲ ನೋಡಿ.

ಗಡಹಿಂಗ್ಲಜದ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಎರಡು ತಾಸು ಇತ್ತು. ಮಾಲಕರ ಕಾಗದದ ಹಿಂಬದಿಯಲ್ಲಿ ನನ್ನ ಬಗ್ಗೆ ಬರೆಯಲು ಕೂತೆ. ಮೊದಲ ಸಾಲೇ ಹೀಗೆ ಬಂತು: ‘ನನ್ನಿಂದ ಅಚಾತುರ್ಯ ನಡೆದುಹೋಯಿತು.’ ಥೂ. ಅಚಾತುರ್ಯವೇನು ಕಾಲಿದ್ದ ಪ್ರಾಣಿಯೆ, ತಾನೇ ನಡೆದು ಹೋಗಲು? ಹೊಡೆದು ಹಾಕಿದೆ. ‘ಕೆಲಸದ ಒತ್ತಡದಲ್ಲಿ’ ಎಂದು ಶುರು ಮಾಡಿದೆ. ಯಾವ ಒತ್ತಡ? ಗೂಡಿನಲ್ಲಿ ಫ್ಯಾನಿನ ಕೆಳಗೆ ಕೂತವನಿಗೆ? ಅದನ್ನೂ ಹೊಡೆದು ಹಾಕಿದೆ. ‘ಈ ಪ್ರಸಂಗದಿಂದ ನಾನು ಕಲಿತದ್ದು’ ಎಂದು ಮೂರನೇ ಸಲ. ಮೂವತ್ತೆರಡು ಜನರಿಗೆ ಹಂಚಿದ ಅದೇ ಎಂಜಲನ್ನು ಈಗ ನನಗೇ ಬಡಿಸಿಕೊಳ್ಳುತ್ತಿದ್ದೆ. ಕಲಿತದ್ದು, ತಿಳಿದದ್ದು ಎಲ್ಲ ಬಿಟ್ಟು, ಅವನು ಏನು ಮಾಡಿದ, ನಾನು ಏನು ಮಾಡಿದೆ, ಅಷ್ಟನ್ನೇ ಬರೆಯೋಣವೆಂದು ಮತ್ತೆ ಹಿಡಿದೆ.

‘ಮೊದಲನೇ ವಾರ ಅವನು ಲಾಳಿ ಜಿಗಿಯುತ್ತದೆ ಅಂದ. ನನಗೆ ಕೇಳಿಸಿತು. ನಾನು ಬೇರೆ ಬರೆದೆ. ಎರಡನೇ ವಾರ ಪಿಕರ್ ಹರಿದಿದೆ ಅಂದ. ನನಗೆ ಕೇಳಿಸಿತು. ನಾನು ಬೇರೆ ಬರೆದೆ. ಮೂರನೇ ವಾರ…’

ಅಲ್ಲಿ ಕೈ ನಿಂತಿತು. ಮೂರನೇ ವಾರ ಅವನು ಬರೀ ಹೇಳಿರಲಿಲ್ಲ. ಆ ಮಗ್ಗದಿಂದಲೇ ಕಿತ್ತು ಬಿದ್ದಿದ್ದ ತೊಗಲಿನ ಒಂದು ಚೂರನ್ನು ನನ್ನ ಮೇಜಿನ ಮೇಲೆ ತಂದಿಟ್ಟಿದ್ದ, “ನೋಡ್ರಿ ಹೆಂಗ ಹರದೈತಿ” ಎಂದು. ಅದನ್ನು ನಾನು ಏನು ಮಾಡಿದೆ? ಫ್ಯಾನಿನ ಗಾಳಿಗೆ ಕಾಗದ ಹಾರದಿರಲೆಂದು ಅವುಗಳ ಮೇಲೆ ಇಟ್ಟೆ. ಎರಡು ತಿಂಗಳಿಂದ ದಿನಕ್ಕೆ ಹತ್ತು ಸಲ ಎತ್ತಿ, ಹತ್ತು ಸಲ ಇಡುತ್ತಿದ್ದೆ. ಬರೆಯಲು ಕೂರದಿದ್ದರೆ ಅದು ಸಾಯುವ ತನಕ ನನಗೆ ನೆನಪಾಗುತ್ತಿರಲಿಲ್ಲ. ಆ ಮಹಾಶಯನ ಉಪದೇಶ ನಿಜವಾಗಿತ್ತು. ಅಂಥವನ ಬಾಯಿಂದ ನಿಜ ಬಂದದ್ದಕ್ಕೆ ಅವನ ಮೇಲೆ ನನಗೆ ಮೊದಲಿಗಿಂತ ಹೆಚ್ಚು ತಿರಸ್ಕಾರ ಹುಟ್ಟಿತು.

ಮರುದಿನ ತೊಗಲಿನ ಚೂರು ಅಲ್ಲೇ ಇತ್ತು. ಅದನ್ನೂ, ಹಿಂಬದಿ ತುಂಬಿದ ಆ ಕಾಗದವನ್ನೂ ಮಾಲಕರ ಮುಂದೆ ಇಟ್ಟೆ. ಬಯ್ದು ಹೊರಗೆ ಹಾಕುತ್ತಾರೆಂದುಕೊಂಡಿದ್ದೆ. ಮಾಲಕರು ಓದಿದರು, ಚೂರನ್ನು ಮೇಜಿನ ಅಂಚಿಗೆ ಸರಿಸಿದರು, ಕಾಗದವನ್ನು ಮತ್ತೊಮ್ಮೆ ಓದಿದರು. “ವಾ! ಇದಕ್ಕೆ ಅನ್ನಬೇಕು ಆತ್ಮಪರೀಕ್ಷೆ ಅಂತ. ಮುಂದಿನ ವಾರ ಕೊಲ್ಹಾಪುರದಲ್ಲಿ ಕಾರಖಾನೆಯವರ ಸಭೆ ಇದೆ. ನೀವೇ ಓದಿ,” ಅಂದರು. ಆ ಕಾಗದದಲ್ಲಿ ಒಬ್ಬ ಮನುಷ್ಯನ ಕಣ್ಣು ಹೋಗಿತ್ತು. ಅವರಿಗೆ ಕಂಡದ್ದು ನನ್ನ ಶೈಲಿ.

ಕೊಲ್ಹಾಪುರದ ಸಭಾಗೃಹದಲ್ಲಿ ನನ್ನ ತಲೆಗೆ ಫೇಟಾ ಸುತ್ತಿದರು. ಅಲ್ಲಿ ಯಾರನ್ನಾದರೂ ಮೆಚ್ಚಿದರೆ ಹೀಗೆ ಬಣ್ಣದ ರುಮಾಲು ಸುತ್ತುವುದು ಪದ್ಧತಿ. ನಾನು ಫೇಟಾ ಹೊತ್ತು ನಿಂತು ನನ್ನ ಹೇಡಿತನವನ್ನು ಓದಿದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಒಬ್ಬರು ಕರ್ಚೀಫಿನಿಂದ ಕಣ್ಣು ಒರೆಸಿಕೊಂಡರು. ಅವರಿಗೆ ಎರಡು ಕಣ್ಣಿದ್ದವು. ಮಹಾಶಯ ಎದ್ದು, “ಹಾಗಾದರೆ ಇದರಿಂದ ತಾವು ಕಲಿತದ್ದೇನು?” ಎಂದು ಕೇಳಿದ.

ಮಾಲಕರ ಮೇಜಿನಿಂದ ಎತ್ತಿಟ್ಟುಕೊಂಡಿದ್ದ ತೊಗಲಿನ ಚೂರನ್ನು ಜೇಬಿನಿಂದ ತೆಗೆದು ಅವನ ಮುಂದೆ ಇಟ್ಟೆ. “ನಾನು ಕಲಿತದ್ದು ಇರಲಿ. ಮೂರನೇ ಮಗ್ಗದ ಪಿಕರ್ ಇದು. ಇದು ಹರಿದಿದೆ ಎಂದು ಮೂರು ಸಲ ಹೇಳಿದವನು ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಾನೆ. ನಮ್ಮ ಮಾಲಕರು ಇಲ್ಲೇ ಇದ್ದಾರೆ. ಅವನನ್ನು ಯಾವಾಗ ಕರೆಸುತ್ತಾರೆ ಎಂದು ಕೇಳಿ,” ಅಂದೆ.

ಇಡೀ ಸಭೆಯ ಕತ್ತು ಮಾಲಕರ ಕಡೆ ತಿರುಗಿತು. ಅವರ ಮುಖ ಕಪ್ಪಿಟ್ಟಿತು. ಆದರೆ ನಾಲ್ಕು ಜನ ನೋಡುತ್ತಿದ್ದರಲ್ಲ, “ಸೋಮವಾರದಿಂದಲೇ,” ಅಂದುಬಿಟ್ಟರು. ಇದು ನನ್ನ ಧೈರ್ಯವೆಂದು ಯಾರೂ ತಿಳಿಯಬಾರದು. ಫೇಟಾ ಸುತ್ತಿದವನನ್ನು ಅಲ್ಲಿಯೇ ಬಯ್ಯಲಾರರೆಂಬ ಲೆಕ್ಕಾಚಾರ ನನಗಿತ್ತು.

ಗೋಡೆ ಬದಿಯವನು ಬಂದ. ನಾಲ್ಕರ ಬದಲು ಎರಡು ಮಗ್ಗ ಕೊಟ್ಟರು. ಅಂಗಳದಲ್ಲಿ ನಾನು ಓದಿದ್ದನ್ನು ಕಣ್ಣು ಕಳೆದುಕೊಂಡವನ ಮುಂದೆ ಎತ್ತಲು ಯಾರಿಗೂ ಮನಸ್ಸಾಗಿರಲಿಲ್ಲ. ಬಟವಾಡೆಯ ದಿನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಅವನೇ. ನನ್ನ ಮುಂದೆ ಒಂದು ಸಣ್ಣ ಗಡಿಗೆ ಇಟ್ಟ, ಹೆಂಡತಿ ಕಳಿಸಿದ ಬೆಣ್ಣೆ. “ನೀವು ಓದಿ ತೋರಸೀರಂತ ನನಗ ಮಗ್ಗ ಸಿಕ್ಕತ್ರಿ,” ಅಂದ. ಆಗ ನನಗೆ ತಿಳಿಯಿತು. ಮರಾಠಿಯಲ್ಲಿ, ಕಾರಖಾನೆಯವರ ಮುಂದೆ, ಚಪ್ಪಾಳೆಗೆ ನಿಜ ಹೇಳಿ ಬಂದಿದ್ದೆ. ಯಾರಿಗೆ ಹೇಳಬೇಕಿತ್ತೋ ಅವನಿಗೆ ಕನ್ನಡದಲ್ಲಿ ಒಂದು ಮಾತೂ ಹೇಳಿರಲಿಲ್ಲ.

ಗಡಿಗೆ ಮುಟ್ಟಲಿಲ್ಲ. ಅವನ ನೋಟುಬುಕ್ಕು ತೆಗೆದು ಆ ಮೂರು ಪುಟಗಳನ್ನು ಕನ್ನಡ ಮಾಡಿ ಅವನಿಗೆ ಓದಿದೆ. ಹಿಂದೆ ನಿಂತವರೂ ಕೇಳುತ್ತಿದ್ದರು.

“ನಾ ಹೇಳಿದ್ದ ಎಲ್ಲೈತ್ರಿ ಇದರಾಗ?” ಅಂದ.

“ಇಲ್ಲ. ನಾ ಬರಿಲಿಲ್ಲ. ಇದೆಲ್ಲಾ ನನ್ನ ಮಾತು.”

ಅವನು ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅಷ್ಟು ಉಪಕಾರ ಮಾಡಲಿಲ್ಲ. ಒತ್ತಲೆಂದು ಶಾಯಿ ಹಚ್ಚಿಕೊಂಡಿದ್ದ ಹೆಬ್ಬೆಟ್ಟನ್ನು ಅಂಗಿಗೆ ಒರೆಸಿಕೊಂಡ. ಬೆಣ್ಣೆಯ ಗಡಿಗೆ ತಿರುಗಿ ಕೈಗೆತ್ತಿಕೊಂಡ. ಸಾಲು ಬಿಟ್ಟು ಒಂದು ಬದಿಗೆ ಸರಿದು ನಿಂತು, ಉಳಿದ ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತ ಅಂದ:

“ಇವರದ್ದೂ ಓದ್ರಿ. ಎಲ್ಲಾರದ್ದೂ.”

ಮೂವತ್ತೊಂದು ಜನ ಸಾಲಿನಲ್ಲಿದ್ದರು. ಸಂಬಳಕ್ಕೆ ಕೈ ಚಾಚಿದ್ದ ಮುಂದಿನವನು ಕೈ ಹಿಂದೆ ತೆಗೆದುಕೊಂಡ. ನಾನು ಅವನ ನೋಟುಬುಕ್ಕಿನ ಮೊದಲ ಪುಟ ತೆರೆದೆ.